ಎಂಟು ವಾಲ್ವುಗಳೂ ಸಡಿಲ ಸಹಿಸದ ಮಾವನೂ

ನಮ್ಮ ಮನೆಯಲ್ಲಿ ನಗು ಬರಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ಎಲ್ಲರೂ ಮನಸ್ಸಿಟ್ಟು ತಮ್ಮ ತಮ್ಮ ಕೆಲಸ ಮಾಡಿದರೆ ಸಾಕು. ಒಬ್ಬರ ಕೆಲಸವನ್ನು ಇನ್ನೊಬ್ಬರೂ ಮನಸ್ಸಿಟ್ಟು ಮಾಡಿದರಂತೂ ಬೀದಿಯವರೆಲ್ಲ ಬಂದು ನಿಲ್ಲುತ್ತಾರೆ.

ನಮ್ಮದು ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ ಕನ್ನಡದ ನೇಕಾರರ ಮನೆ. ಮಾವ ರೇಷ್ಮೆ ಸೀರೆ ನೇಯುತ್ತಾರೆ, ಅವರ ಅಪ್ಪ ನೇಯುತ್ತಿದ್ದರು, ಅವರ ಅಪ್ಪನೂ ನೇಯುತ್ತಿದ್ದರು. ನಮ್ಮ ಯಜಮಾನರು ಮಾತ್ರ ಮಗ್ಗದ ಗುಂಡಿಯಿಂದ ಎದ್ದು ಹೋಗಿ ಒಂದು ಹಳೆಯ ಬಸ್ಸು ತಂದರು. ಸಿರುಮುಗೈಯಿಂದ ಮೆಟ್ಟುಪಾಳ್ಯದ ರೈಲು ಸ್ಟೇಷನ್ನಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಬಸ್ಸು. ಎರಡು ವರ್ಷ ಓಡಿತು. ಆಮೇಲೆ ಎಂಜಿನ್ನಿನ ಹೊಟ್ಟೆಯೊಳಗಿನ ಕ್ಯಾಮ್ ಶಾಫ್ಟ್ ಸವೆದುಹೋಯಿತು. ಎಂಜಿನ್ ಪೂರ್ತಿ ಬಿಚ್ಚಿ, ಮದ್ರಾಸಿನಿಂದ ಹೊಸ ಶಾಫ್ಟ್ ತರಿಸಿ, ಮತ್ತೆ ಜೋಡಿಸಿದ್ದಾಯಿತು. ಇನ್ನು ಉಳಿದದ್ದು ಒಂದೇ ಕೆಲಸ, ವಾಲ್ವುಗಳ ಸಂದಿ ಸರಿಮಾಡುವುದು.

ಅಷ್ಟರಲ್ಲಿ ಸುದ್ದಿ ಬಂತು. ಬರುವ ಶುಕ್ರವಾರ ಬೆಳಗ್ಗೆ ಮೆಟ್ಟುಪಾಳ್ಯದಲ್ಲಿ ಅಧಿಕಾರಿ ಬಸ್ಸುಗಳ ತಪಾಸಣೆ ಮಾಡುತ್ತಾರೆ. ಅವತ್ತು ಓಡಿಬಂದ ಬಸ್ಸಿಗೆ ದಾರಿಯ ಪರವಾನಗಿ, ಓಡಿಬರದ ಬಸ್ಸಿನ ದಾರಿ ಬೇರೆಯವರಿಗೆ.

ಮಾವ ಅದನ್ನು ಕೇಳಿ ಬೇಸರಪಡಲಿಲ್ಲ. "ಎರಡನೇ ಮಗ್ಗಕ್ಕೆ ಹಾಸಿನ ಎಳೆ ತಯಾರು ಮಾಡುತ್ತಾ ಇದ್ದೀನಿ," ಎಂದರು ಮಗನಿಗೆ. "ಶುಕ್ರವಾರ ಬಸ್ಸು ನಿಂತರೆ ಶನಿವಾರ ನೀನು ಕೂರಬಹುದು." ನನ್ನ ಕಡೆ ತಿರುಗಿ, "ರಾಟೆಗೂ ಎಣ್ಣೆ ಬಿಟ್ಟಿದ್ದೀನಿ, ತಾಯಿ," ಎಂದರು.

ದಿನವಿಡೀ ರಾಟೆ ಮುಂದೆ ಕೂತು ನೂಲು ಸುತ್ತುವುದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದು ನಾನು ಮದುವೆಗೆ ಮುಂಚೆಯೇ ತೀರ್ಮಾನಿಸಿದ್ದೆ. ಆ ಬಸ್ಸು ಶುಕ್ರವಾರ ಓಡಲೇಬೇಕು, ನಾನೇ ನೂಕಬೇಕಾದರೂ ಸರಿ ಎಂದು ಅವತ್ತೇ ಮನಸ್ಸು ಗಟ್ಟಿ ಮಾಡಿಕೊಂಡೆ.

ಪುಸ್ತಕ ಓದಿದ್ದು

ಎಂಜಿನ್ನಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಯಜಮಾನರಿಗೆ ತಮಿಳು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಬಸ್ಸು ರಿಪೇರಿ ಮಾಡುವ ಮೇಸ್ತ್ರಿಗೆ ಎಂಜಿನ್ ಬರುತ್ತದೆ, ಬೇರೆ ಏನೂ ಬರುವುದಿಲ್ಲ. ಹತ್ತನೆಯ ತರಗತಿಯವರೆಗೆ ಓದಿದವಳು ಮನೆಯಲ್ಲಿ ನಾನೊಬ್ಬಳೇ. ಆದ್ದರಿಂದ ಶನಿವಾರ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸಿನ ಕೊಟ್ಟಿಗೆಗೆ ಹೋಗಿ ಪುಸ್ತಕ ತೆರೆದೆ.

ಶಾಲೆಯಲ್ಲಿ ನಾನು ಕಲಿತ ಇಂಗ್ಲಿಷೆಲ್ಲ ರಾಜರದು. ಯಾರು ಯಾರ ಮೇಲೆ ಯುದ್ಧಕ್ಕೆ ಹೋದ, ಯಾರಿಗೆ ಯಾವಾಗ ಪಟ್ಟ ಕಟ್ಟಿದರು, ಎಲ್ಲ ಬರುತ್ತಿತ್ತು. ಆದರೆ ಅಷ್ಟು ರಾಜರಲ್ಲಿ ಒಬ್ಬನೂ ಒಂದು ಲಾಕ್ ನಟ್ಟು ತಿರುಗಿಸಿದವನಲ್ಲ. ಒಂದು ಪುಟ ಓದಲು ಒಂದು ಗಂಟೆ ಹಿಡಿಯಿತು.

"ಅಮ್ಮಣಿ, ಪುಸ್ತಕ ಎಲ್ಲ ಬೇಡ," ಎಂದರು ಮೇಸ್ತ್ರಿ. ಅವರು ತಮಿಳರು, ಕೊಯಮತ್ತೂರಿನಲ್ಲಿ ಕೆಲಸ ಕಲಿತವರು. "ನನಗೆ ಕಿವಿ ಸಾಕುಂಗ."

"ಹಾಗಾದರೆ ಎಷ್ಟು ಸಂದಿ ಬಿಡುತ್ತೀರಿ?"

"ಬೇಕಾದಷ್ಟು."

"ಬೇಕಾದಷ್ಟು ಎಂದರೆ?"

"ಜಾಸ್ತಿಯೂ ಆಗಬಾರದು, ಕಮ್ಮಿಯೂ ಆಗಬಾರದು."

ಪುಸ್ತಕದಲ್ಲಿ ವಿಷಯ ಸ್ಪಷ್ಟವಾಗಿತ್ತು. ನಾಲ್ಕು ಸಿಲಿಂಡರು, ಒಂದೊಂದಕ್ಕೆ ಎರಡು ವಾಲ್ವು, ಒಟ್ಟು ಎಂಟು. ಒಂದು ಉಸಿರು ಎಳೆದುಕೊಳ್ಳುವುದಕ್ಕೆ, ಇನ್ನೊಂದು ಹೊಗೆ ಬಿಡುವುದಕ್ಕೆ. ಒಂದೊಂದರ ತಲೆಯ ಮೇಲೂ ಏತದ ಮರದ ಹಾಗೆ ಏಳುತ್ತ ಬೀಳುತ್ತ ಬಡಿಯುವ ಒಂದು ರಾಕರ್. ರಾಕರಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇರಬೇಕು. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ. ಸಂದಿ ಇಲ್ಲದಿದ್ದರೆ ಹಿಗ್ಗಲು ಜಾಗವಿಲ್ಲದೆ ವಾಲ್ವು ಅರೆತೆರೆದ ಬಾಗಿಲಿನಂತೆ ನಿಂತುಬಿಡುತ್ತದೆ, ಎಂಜಿನ್ನಿಗೆ ಉಸಿರು ಹಿಡಿಯಲು ಆಗುವುದಿಲ್ಲ. ನಮ್ಮ ಎಂಜಿನ್ನಿನಲ್ಲಿ ಎಂಟಕ್ಕೂ ಒಂದೇ ಅಳತೆ. ಅಳತೆಗೆ ಒಂದು ತೆಳುವಾದ ಉಕ್ಕಿನ ಪಟ್ಟಿಗಳ ಕಟ್ಟು, ಫೀಲರ್ ಎಂದು ಹೆಸರು. ಒಂದೊಂದು ಪಟ್ಟಿಯ ಮೇಲೂ ಒಂದೊಂದು ನಂಬರು.

ನಾನು ಇದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿರುವಾಗ ಅತ್ತೆ ಮಜ್ಜಿಗೆ ತಂದರು. ಸ್ವಲ್ಪ ಹೊತ್ತು ನಿಂತು ಕೇಳಿದರು.

"ಮೇಸ್ತ್ರಿ, ಹುಷಾರು," ಎಂದರು. "ಇವಳು ಬಂದ ಹೊಸದರಲ್ಲಿ ಒಂದು ಪುಸ್ತಕ ನೋಡಿ ಸಾರು ಮಾಡಿದ್ದಳು. ಆ ಪಾತ್ರೆ ಇನ್ನೂ ತೊಳೆದು ಮುಗಿದಿಲ್ಲ."

ಫೀಲರಿನ ಪಟ್ಟಿ

ಭಾನುವಾರ ಮೇಸ್ತ್ರಿ ಫೀಲರಿನ ಕಟ್ಟು ಬಿಚ್ಚಿದರು. ನಮಗೆ ಬೇಕಾದ ಪಟ್ಟಿ ಮಾತ್ರ ಅದರಲ್ಲಿ ಇರಲಿಲ್ಲ. ಉಳಿದ ಪಟ್ಟಿಗಳಲ್ಲಿ ಯಾವ ಎರಡನ್ನು ಜೋಡಿಸಿದರೂ ಆ ಅಳತೆ ಬರಲಿಲ್ಲ.

ಕೊಟ್ಟಿಗೆಯೆಲ್ಲ ಗುಡಿಸಿದೆವು. ಬಸ್ಸಿನ ಸೀಟುಗಳ ಕೆಳಗೆ ಹುಡುಕಿದೆವು. ಒಂದು ಬಳೆ, ಎರಡು ಬಾಚಣಿಗೆ, ಯಾರದೋ ಒಂದು ಹಲ್ಲಿನ ಕಟ್ಟು ಸಿಕ್ಕಿತು. ಹಲ್ಲು ಬಿಟ್ಟು ಇಳಿದುಹೋದ ಪುಣ್ಯಾತ್ಮ ಯಾರು ಎಂದು ಮೇಸ್ತ್ರಿ ಯೋಚಿಸುತ್ತಾ ಕೂತರು. ನಾನು ಮಗುವಿನ ಬಾಯಿಗೂ ಬೆರಳು ಹಾಕಿ ನೋಡಿದೆ. ಹತ್ತು ತಿಂಗಳ ಮಗು, ಆ ವಯಸ್ಸಿನಲ್ಲಿ ಪ್ರಪಂಚವೆಲ್ಲ ಬಾಯಿಗೇ.

ಮಧ್ಯಾಹ್ನ ಮಾವನಿಗೆ ನೀರು ಕೊಡಲು ಹೋದಾಗ ಅವರ ಕೈಯಲ್ಲಿ ಏನೋ ಮಿನುಗಿತು. ಮಾವ ಎರಡನೇ ಮಗ್ಗದ ಹಣಿಗೆಗೆ ಎಳೆ ತೂರಿಸುತ್ತಿದ್ದರು. ಹಣಿಗೆ ಎಂದರೆ ಬಾಚಣಿಗೆಯಂಥದು, ಅದರ ಒಂದೊಂದು ಸಂದಿಯಲ್ಲೂ ರೇಷ್ಮೆಯ ಎಳೆ ಹಾಯಬೇಕು. ಅದಕ್ಕೆ ತೆಳುವಾದ ಕೊಕ್ಕೆ ಬೇಕು. ಮಾವನ ಕೈಯಲ್ಲಿದ್ದ ಕೊಕ್ಕೆ ನಮ್ಮ ಫೀಲರಿನ ಪಟ್ಟಿ. ತುದಿಯಲ್ಲಿ ಅಚ್ಚುಕಟ್ಟಾಗಿ ಒಂದು ಕಚ್ಚು ಬೇರೆ ಕೊರೆದಿದ್ದರು.

"ಮಾವಾ, ಅದು ಎಂಜಿನ್ನಿನದು."

"ಯಾರು ಹೇಳಿದ್ದು?" ಎಂದರು. "ಇದು ನೇಕಾರರಿಗೆ ಮಾಡಿದ್ದು, ತಾಯಿ. ನೋಡು, ನೂಲಿನ ನಂಬರು ಕೂಡ ಹಾಕಿದ್ದಾರೆ. ಎಂಜಿನ್ನಿಗೆ ನೂಲಿನ ನಂಬರು ಯಾಕೆ?"

"ಅದು ದಪ್ಪದ ಅಳತೆ, ಮಾವ."

"ನೂಲಿನ ನಂಬರೂ ಅದೇ ಅಲ್ಲವಾ?"

ಆ ವಾದದಲ್ಲಿ ಮಾವನೇ ಗೆದ್ದರು. ಇದು ಆಗಾಗ ಆಗುವಂಥದ್ದಲ್ಲ, ಆದ್ದರಿಂದ ಬರೆದಿಟ್ಟಿದ್ದೇನೆ.

ಪುಣ್ಯಕ್ಕೆ ಕಚ್ಚು ಇದ್ದದ್ದು ತುದಿಯಲ್ಲಿ, ಉಳಿದ ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಮಾವ ಕೊಡಲು ಒಪ್ಪಲಿಲ್ಲ. ಅರ್ಧ ಹಣಿಗೆಯಲ್ಲಿ ಕೊಕ್ಕೆ ಬದಲಾಯಿಸಿದರೆ ಎಳೆ ಕೋಪಿಸಿಕೊಳ್ಳುತ್ತದಂತೆ. "ಕೊನೆಯ ಎಳೆ ತೂರಲಿ, ಆಮೇಲೆ ನಿನ್ನದೇ. ಬೇಗ ಆಗಬೇಕಾದರೆ ಆ ಕಡೆ ಕೂತು ಎಳೆ ಎತ್ತಿ ಕೊಡು."

ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಒಂದೊಂದೇ ಎಳೆ ಎತ್ತಿ ಕೊಟ್ಟೆ. ಸಂಜೆಯವರೆಗೆ ಕೊಟ್ಟೆ. ಮಗ್ಗದ ಹತ್ತಿರ ಕೂರುವುದಿಲ್ಲ ಎಂಬ ನನ್ನ ಹಟಕ್ಕಾಗಿಯೇ ಮಗ್ಗದ ಹತ್ತಿರ ಕೂತದ್ದು ಅದೇ ಮೊದಲು. ಕೊನೆಗೆ ಮಾವ ಪಟ್ಟಿಯನ್ನು ಪಂಚೆಗೆ ಒರೆಸಿ ನನ್ನ ಕೈಗಿಟ್ಟರು.

"ಕೈ ಚುರುಕಾಗಿದೆ, ತಾಯಿ," ಎಂದರು ತುಂಬಾ ಪ್ರೀತಿಯಿಂದ. "ಬಸ್ಸು ಓಡದಿದ್ದರೂ ಚಿಂತೆ ಮಾಡಬೇಡ."

ಒಂಬತ್ತರ ಗುಟ್ಟು

ಸೋಮವಾರ ಬೆಳಗ್ಗೆ ಮೇಸ್ತ್ರಿ ಕೆಲಸಕ್ಕೆ ಇಳಿದರು. ಯಜಮಾನರು ಬಸ್ಸಿನ ಮುಂದೆ ನಿಂತು ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವುದು, ಮೇಸ್ತ್ರಿ "ನಿಲ್ಲಿಸಿ" ಎನ್ನುವುದು, ಯಾವುದೋ ಒಂದು ವಾಲ್ವು ಪೂರ್ತಿ ಕೆಳಗಿಳಿದಿದೆಯೇ ಎಂದು ನೋಡುವುದು, ಆಮೇಲೆ ಅದನ್ನು ಬಿಟ್ಟು ಇನ್ನೆಲ್ಲೋ ಇರುವ ಬೇರೊಂದು ವಾಲ್ವಿನ ಸಂದಿ ಸರಿಮಾಡುವುದು. ಯಾವುದಾದ ಮೇಲೆ ಯಾವುದು ಎಂಬುದನ್ನು ಬಾಯೊಳಗೇ ಮಂತ್ರದ ಹಾಗೆ ಗೊಣಗಿಕೊಳ್ಳುತ್ತಿದ್ದರು. ಕೇಳಿದರೆ, "ಅದು ಗುರು ಕೊಟ್ಟ ವಿದ್ಯೆ, ಅಮ್ಮಣಿ. ಹಾಗೆಲ್ಲ ಹೇಳುವ ಹಾಗಿಲ್ಲ."

ನಾನು ಹತ್ತಿರದಲ್ಲೇ ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತಾ ನೋಡುತ್ತಿದ್ದೆ. ಎಂಟನೆಯ ವಾಲ್ವು ತೆರೆದು ನಿಂತಾಗ ಒಂದನೆಯದನ್ನು ಸರಿಮಾಡಿದರು. ಆರನೆಯದು ತೆರೆದಾಗ ಮೂರನೆಯದು. ಐದು ತೆರೆದಾಗ ನಾಲ್ಕು. ಮಗು ನಾಲ್ಕನೆಯ ತುತ್ತು ನುಂಗುವ ಹೊತ್ತಿಗೆ ನನಗೆ ಅರ್ಥವಾಯಿತು.

"ಮೇಸ್ತ್ರಿ, ಏಳನೆಯದು ತೆರೆದಾಗ ಎರಡನೆಯದು ಅಲ್ಲವಾ?"

ಅವರ ಕೈಯಿಂದ ಸ್ಪ್ಯಾನರು ಜಾರಿತು.

"ಎರಡನ್ನೂ ಕೂಡಿದರೆ ಒಂಬತ್ತು ಬರಬೇಕು. ಅಷ್ಟೇ ಅಲ್ಲವಾ?"

ಮೇಸ್ತ್ರಿ ಬಸ್ಸಿನ ಮಡ್‌ಗಾರ್ಡಿನ ಮೇಲೆ ಕೂತುಬಿಟ್ಟರು. "ಅಮ್ಮಣಿ," ಎಂದರು, "ಈ ಒಂದು ಗುಟ್ಟಿಗೆ ನಾನು ನಮ್ಮ ಗುರುವಿನ ಬಟ್ಟೆ ನಾಲ್ಕು ವರ್ಷ ಒಗೆದೆ."

ನಾನು ಅವರ ಅಂಗಿಯ ಕಡೆ ನೋಡಿದೆ. ಬಟ್ಟೆ ಒಗೆಯುವುದನ್ನೂ ಆ ಗುರು ಪೂರ್ತಿ ಕಲಿಸಿಲ್ಲ ಎಂದು ಅನ್ನಿಸಿತು. ಬಾಯಿ ಬಿಟ್ಟು ಹೇಳಿಯೂ ಬಿಟ್ಟೆ. ಯಜಮಾನರು ಹ್ಯಾಂಡಲನ್ನು ಬೇಕಿಲ್ಲದಿದ್ದರೂ ಎರಡು ಸುತ್ತು ತಿರುಗಿಸಿದರು.

ಎಂಜಿನ್ನಿಗೆ ಕಣ್ಣು ತಾಗಿದ್ದು

ಸೋಮವಾರವೇ ಎಂಜಿನ್ ಸ್ಟಾರ್ಟ್ ಆಯಿತು. ಟಕ ಟಕ ಟಕ ಟಕ ಎಂದು ಸಣ್ಣಗೆ, ಒಂದೇ ಸಮನೆ. ಭವಾನಿ ಹೊಳೆಯ ದಂಡೆಯವರೆಗೆ ಹೋಗಿ ಬಂದೆವು. ಬಿಸಿ ಎಂಜಿನ್ನಿನಲ್ಲಿ ಮೇಸ್ತ್ರಿ ಇನ್ನೊಮ್ಮೆ ಅಳೆದು, ಸರಿಯಾಗಿದೆ ಎಂದು ಮುಚ್ಚಳ ಹಾಕಿ, ಊಟಕ್ಕೆ ಹೋದರು.

ಮಂಗಳವಾರ ಬೆಳಗ್ಗೆ ಬಸ್ಸು ಸ್ಟಾರ್ಟ್ ಆಯಿತು, ನಾಲ್ಕು ಮನೆ ದಾಟಿತು, ಬಿಸಿಯಾಗುತ್ತಲೇ ಕೆಮ್ಮಿ ನಿಂತಿತು. ಮುಚ್ಚಳ ತೆಗೆದು ನೋಡಿದರೆ ಎಂಟರಲ್ಲಿ ಐದು ವಾಲ್ವುಗಳಿಗೆ ಸಂದಿಯೇ ಇಲ್ಲ. ಮೇಸ್ತ್ರಿ ತಮ್ಮ ಕಣ್ಣನ್ನೇ ನಂಬಲಿಲ್ಲ. ಮತ್ತೆ ಸರಿಮಾಡಿದರು. ಮತ್ತೆ ಓಡಿತು. ಮತ್ತೆ ಊಟಕ್ಕೆ ಹೋದರು.

ಬುಧವಾರ ಬೆಳಗ್ಗೆ ಮತ್ತೆ ಅದೇ ಕೆಮ್ಮು. ಮತ್ತೆ ಐದು ವಾಲ್ವು.

"ಇದು ಮನುಷ್ಯರ ಕೆಲಸ ಅಲ್ಲಿಂಗ," ಎಂದರು ಮೇಸ್ತ್ರಿ. ಕಣ್ಣು ತಾಗಿದೆ, ನಾಲ್ಕು ಗಾಲಿಗೂ ನಿಂಬೆಹಣ್ಣು ಇಡಬೇಕು ಎಂದರು. ಅತ್ತೆ ನಿಂಬೆಹಣ್ಣು ಸಾಲದು, ಬೂದುಗುಂಬಳವೇ ಆಗಬೇಕು ಎಂದರು. ಯಜಮಾನರು ಎರಡನ್ನೂ ತರಲು ಹೊರಟರು. ಅವರ ಮುಖ ನೋಡಿದರೆ ಆಗಲೇ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಹಾಗಿತ್ತು.

ನಾನು ಎಂಜಿನ್ನಿನ ಮೇಲೆ ಬಗ್ಗಿ ನೋಡಿದೆ. ಸಂದಿ ಇಲ್ಲದ ಐದು ವಾಲ್ವುಗಳ ಲಾಕ್ ನಟ್ಟಿನ ಮೇಲೂ ಒಂದೊಂದು ಬೆರಳಿನ ಗುರುತು. ಎಣ್ಣೆಯ ಕಪ್ಪಲ್ಲ. ಒಳ್ಳೆಯ ಅರಗಿನ ಕೆಂಪು.

ಆ ವಾರ ಊರಿನಲ್ಲಿ ಕಣ್ಣು ಯಾರು ಯಾರು ಹಾಕಿದ್ದರೋ ನನಗೆ ಗೊತ್ತಿಲ್ಲ. ಅರಗಿನ ಕೆಂಪಿಗೆ ರೇಷ್ಮೆ ಅದ್ದಿ, ಮೊಣಕೈವರೆಗೆ ಕೆಂಪಾಗಿದ್ದವರು ಮಾತ್ರ ಒಬ್ಬರೇ.

ಇಲ್ಲಿ ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಮಗ್ಗದಲ್ಲಿ ಹಾಸು ಸಡಿಲವಾದರೆ ಸೀರೆ ಹಾಳು. ಅರವತ್ತು ವರ್ಷ ಅದನ್ನೇ ನೋಡಿದ ಅವರ ಕೈಗೆ ಸಡಿಲವೆಂದರೆ ಆಗುವುದಿಲ್ಲ. ಉಪ್ಪಿನಕಾಯಿ ಭರಣಿಯ ಬಾಯಿಗೆ ಅವರು ಬಟ್ಟೆ ಕಟ್ಟಿದರೆ ಬಿಚ್ಚಲು ಯಜಮಾನರೇ ಬರಬೇಕು. ಮಗುವಿನ ತೊಟ್ಟಿಲ ಹಗ್ಗ ದಿನಕ್ಕೊಮ್ಮೆ ಬಿಗಿ ಮಾಡಿ ಮಾಡಿ, ತೊಟ್ಟಿಲು ಈಗ ನನ್ನ ಎದೆಯ ಮಟ್ಟಕ್ಕೆ ಬಂದಿದೆ. ಮಗು ದೊಡ್ಡದಾಗುವುದೂ ತೊಟ್ಟಿಲು ಸೂರು ಮುಟ್ಟುವುದೂ ಒಟ್ಟಿಗೇ ಆಗಬಹುದು.

ಹೋಗಿ ಕೇಳಿದೆ. "ಮಾವಾ, ಎಂಜಿನ್ನಿಗೆ ಕೈ ಹಾಕಿದಿರಾ?"

ಮಾವ ಲಾಳಿ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಮೇಸ್ತ್ರಿ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಟಕ ಟಕ ಅಂತ ಇತ್ತು. ನೋಡಿದರೆ ಐದು ಸಡಿಲ. ಅವನು ಊಟಕ್ಕೆ ಹೋದಾಗ ಬಿಗಿ ಮಾಡಿದೆ. ಎಂಟರಲ್ಲಿ ಮೂರನ್ನು ಮಾತ್ರ ಅವನು ಸರಿಯಾಗಿ ಮಾಡಿದ್ದ." ಆ ಮೂರು ವಾಲ್ವುಗಳನ್ನು ರಾಕರ್ ಆಗ ಒತ್ತಿಹಿಡಿದಿತ್ತು, ಅದಕ್ಕೇ ಬಿಗಿಯಾಗಿ ಕಂಡಿದ್ದವು. "ಅವನಿಗೆ ಹೇಳಬೇಡ, ತಾಯಿ. ಪಾಪ, ಮನಸ್ಸಿಗೆ ನೋವಾಗುತ್ತದೆ."

ತಿಳಿಹೇಳಿದ್ದು

ಮಾವನಿಗೆ ತಿಳಿಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಮಾವಾ, ಬಿಸಿಯಾದರೆ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಲು ಜಾಗ ಬೇಕು."

"ಹಾಗಾದರೆ ಬಿಸಿ ಮಾಡದೆ ಓಡಿಸಲಿ."

"ಹೊಸ ಚಪ್ಪಲಿ ಹೊಲಿಸುವಾಗ ಬೆರಳಿಗೆ ಜಾಗ ಬಿಡುವುದಿಲ್ಲವಾ?"

"ನಾನು ಚಪ್ಪಲಿ ಹಾಕುವುದಿಲ್ಲವಲ್ಲ."

ಬಿಡದೆ ಹೇಳಿದೆ. ಕೊನೆಗೆ ಅವರು ಒಪ್ಪಿದರು. ಇನ್ನು ಎಂಜಿನ್ ಮುಟ್ಟುವುದಿಲ್ಲ ಎಂದು ಮಗ್ಗ ಮುಟ್ಟಿ ಹೇಳಿದರು. ನಾನು ಗೆದ್ದೆ ಎಂದುಕೊಂಡು ಒಳಗೆ ಬಂದು ಅತ್ತೆಗೆ ಹೇಳಿದೆ.

"ಪ್ರಮಾಣ ಮಾಡಿದ್ದು ಅವರ ಬಾಯಿ," ಎಂದರು ಅತ್ತೆ. "ಕೈಯನ್ನು ಕೇಳಿದೆಯಾ?"

ಸುತ್ತುಗಳು

ಮೇಸ್ತ್ರಿಗೆ ಹೇಳದೆ ಇರಲು ಆಗಲಿಲ್ಲ, ನಾಲ್ಕು ನಿಂಬೆಹಣ್ಣು ಆಗಲೇ ಗಾಲಿಯ ಕೆಳಗೆ ಹೋಗಿದ್ದವು. ಅವರು ಕೋಪಿಸಿಕೊಂಡು ಸ್ಪ್ಯಾನರುಗಳನ್ನು ಅಲ್ಲೇ ಇಟ್ಟು ಹೊರಟುಹೋದರು. ಐದನ್ನು ಬಿಗಿ ಮಾಡಿದ್ದಕ್ಕಲ್ಲವಂತೆ, ಮೂರನ್ನು ಮಾತ್ರ ಸರಿಯಾಗಿ ಮಾಡಿದ್ದ ಎಂದು ಮಾವ ಹೇಳಿದ್ದಕ್ಕೆ.

ಗುರುವಾರ ಬೆಳಗ್ಗೆ ಉಳಿದದ್ದು ಒಂದೇ ದಿನ. ಕೊಯಮತ್ತೂರಿನಿಂದ ಇನ್ನೊಬ್ಬ ಮೇಸ್ತ್ರಿಯನ್ನು ಕರೆತರಲು ಹೊತ್ತಿಲ್ಲ, ಕರೆತರಲು ಬಸ್ಸೂ ಇಲ್ಲ. ಸೀರೆ ಎತ್ತಿ ಕಟ್ಟಿ, ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಪುಸ್ತಕವನ್ನು ರೇಡಿಯೇಟರಿನ ಮೇಲೆ ತೆರೆದಿಟ್ಟು, ಸ್ಪ್ಯಾನರು ಎತ್ತಿಕೊಂಡೆ.

"ಇವಳೇ, ನಿನಗೆ ಬರುತ್ತದಾ?" ಎಂದರು ಯಜಮಾನರು.

"ಶನಿವಾರ ಮಗ್ಗದಲ್ಲಿ ಕೂರಲು ನಿಮಗೆ ಬರುತ್ತದಾ?"

ಅವರು ಹ್ಯಾಂಡಲ್ ಹಿಡಿದರು.

ನೋಡುವಾಗ ಸುಲಭ. ಲಾಕ್ ನಟ್ಟು ಸಡಿಲಿಸಿ, ಪಟ್ಟಿಯನ್ನು ಸಂದಿಯಲ್ಲಿ ಇಟ್ಟು, ತಿರುಪನ್ನು ಸ್ಕ್ರೂಡ್ರೈವರಿನಲ್ಲಿ ತಿರುಗಿಸಬೇಕು. ಪಟ್ಟಿ ಎಳೆದರೆ ಸುಮ್ಮನೆ ಬರಬಾರದು, ಅಂಟಿಕೊಂಡೂ ಇರಬಾರದು, ಮನಸ್ಸಿಲ್ಲದ ಮಗು ಅಜ್ಜಿಯ ಮನೆಯಿಂದ ಬಂದ ಹಾಗೆ ಬರಬೇಕು. ಆಮೇಲೆ ಲಾಕ್ ನಟ್ಟು ಬಿಗಿ ಮಾಡಬೇಕು. ಬಿಗಿ ಮಾಡುವಾಗ ತಿರುಪು ತಾನೂ ಒಂದು ಚೂರು ತಿರುಗಿ ಸಂದಿ ಕೆಡುತ್ತದೆ. ಮತ್ತೆ ಮೊದಲಿನಿಂದ. ನನಗೆ ಎರಡೇ ಕೈ ಕೊಟ್ಟ ದೇವರು ಎಂಜಿನ್ ನೋಡಿರಲಿಲ್ಲ.

ಎಂಜಿನ್ ಯಾವಾಗಲೂ ಮುಂದಕ್ಕೇ ತಿರುಗಬೇಕು ಎಂದು ಪುಸ್ತಕ ಹೇಳಿತ್ತು. ಆದ್ದರಿಂದ ಯಜಮಾನರು ಒಂದು ಚೂರು ಹೆಚ್ಚು ತಿರುಗಿಸಿದರೆ ಆ ವಾಲ್ವು ಮರಳಿ ಬರಲು ಮತ್ತೆ ಎರಡು ಸುತ್ತು.

"ಇನ್ನೊಂದು ಚೂರು. ಇನ್ನೊಂದು ಚೂರು. ಜಾಸ್ತಿ ಆಯಿತು. ಮತ್ತೆ ಬನ್ನಿ."

ನಾಲ್ಕನೆಯ ವಾಲ್ವು ಆಗುವ ಹೊತ್ತಿಗೆ ಅವರ ಅಂಗಿ ಹಿಂಡುವ ಹಾಗಿತ್ತು.

ಎಂಟೂ ಮುಗಿದ ಮೇಲೆ ಅತ್ತೆ ಬಂದರು. ಪಟ್ಟಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಹುಟ್ಟಿದಾಗಿನಿಂದ ಎಳೆ ಮುಟ್ಟಿದ ಬೆರಳು ಅದು, ಕಣ್ಣು ಮುಚ್ಚಿಕೊಂಡು ನೂಲಿನ ನಂಬರು ಹೇಳುತ್ತಾರೆ. ನಾನು ಹೇಳಿದಂತೆ ಯಜಮಾನರು ಹ್ಯಾಂಡಲ್ ತಿರುಗಿಸಿದರು, ಅತ್ತೆ ಒಂದೊಂದು ಸಂದಿಯಲ್ಲೂ ಪಟ್ಟಿ ಎಳೆದು ನೋಡಿದರು.

"ಹೆಣ್ಣೇ, ಈ ಆರನೆಯದು ಉಳಿದವುಗಳ ಹಾಗಿಲ್ಲ. ಸ್ವಲ್ಪ ಬಿಗಿ."

"ಸರಿಯಾಗಿದೆ, ಅತ್ತೆ. ನಾನೇ ಅಳೆದದ್ದು."

"ಸಾರಿಗೆ ಉಪ್ಪನ್ನೂ ನೀನೇ ಅಳೆದದ್ದು."

ಮತ್ತೆ ಅಳೆದೆ. ಬಿಗಿಯಾಗಿತ್ತು. ಅವರಿಗೆ ಕಾಣದಂತೆ ಬೆನ್ನು ಅಡ್ಡ ಮಾಡಿ ಸರಿಮಾಡಿದೆ. ಅವರು ಬೆನ್ನ ಹಿಂದೆ ನಿಂತು ನಕ್ಕರು.

ಎಂಜಿನ್ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಹೊಳೆಯವರೆಗೆ ಓಡಿಸಿ, ಬಿಸಿಯಾಗಿರುವಾಗಲೇ ಮತ್ತೊಮ್ಮೆ ಎಂಟನ್ನೂ ನೋಡಿದೆವು. ಯಜಮಾನರು ಹ್ಯಾಂಡಲ್ ಕೆಳಗಿಟ್ಟು ನೆಲದ ಮೇಲೆ ಕೂತರು.

"ನಿನ್ನನ್ನು ಮದುವೆಯಾದಾಗ ಅಗ್ನಿಗೆ ಸುತ್ತಿದ್ದು ಕೆಲವೇ ಸುತ್ತು," ಎಂದರು. "ಉಳಿದದ್ದೆಲ್ಲ ಇವತ್ತಿಗೆ ಇಟ್ಟಿದ್ದರು ಅಂತ ಆಗ ಯಾರೂ ಹೇಳಲಿಲ್ಲ."

ರೇಷ್ಮೆಯ ಲಡಿ

ಇನ್ನು ಕಷ್ಟದ ಕೆಲಸ ಒಂದೇ. ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಬೆಳಗ್ಗೆಯವರೆಗೆ ಮಾವನ ಕೈ ಎಂಜಿನ್ನಿಗೆ ತಾಗಬಾರದು. ಎಂಜಿನ್ನಿನ ಟಕ ಟಕ ಕೇಳಿದಾಗಿನಿಂದ ಅವರ ಬೆರಳುಗಳು ಪಂಚೆಯ ಅಂಚನ್ನು ತಿರುಚುತ್ತಿದ್ದವು. ಕೊಟ್ಟಿಗೆಗೆ ಬೀಗ ಹಾಕೋಣವೆಂದರೆ ಬಾಗಿಲೇ ಇಲ್ಲ. ಹಿರಿಯರನ್ನು ಕೂಡಿಹಾಕುವ ಹಾಗೂ ಇಲ್ಲ.

"ನೀನು ಸುಮ್ಮನಿರು," ಎಂದರು ಅತ್ತೆ.

ಒಳಗಿನಿಂದ ಅರಗಿನ ಕೆಂಪಿನ ಒಂದು ದೊಡ್ಡ ಲಡಿ ತಂದರು. ರೇಷ್ಮೆಯ ನೂಲು, ಅಲ್ಲಲ್ಲಿ ಸಿಕ್ಕು. "ಸ್ವಲ್ಪ ಕೈ ಕೊಡಿ," ಎಂದು ಮಾವನ ಎರಡೂ ಕೈಗಳಿಗೆ ಲಡಿಯನ್ನು ಹಾಕಿ, ಎದುರಿಗೆ ಕೂತು, ಅದನ್ನು ಉಂಡೆ ಸುತ್ತಲು ಶುರುಮಾಡಿದರು. ಹಗ್ಗದಿಂದ ಕಟ್ಟಿದ್ದರೆ ಮಾವ ಬಿಚ್ಚಿಕೊಳ್ಳುತ್ತಿದ್ದರು. ರೇಷ್ಮೆಯ ಲಡಿಯನ್ನು ಅರ್ಧಕ್ಕೆ ಕೆಳಗೆ ಹಾಕಿದರೆ ಅಷ್ಟೂ ಸಿಕ್ಕಾಗುತ್ತದೆ. ಯಾವ ನೇಕಾರನ ಕೈಗೂ ಆ ಪಾಪ ಮಾಡುವ ಶಕ್ತಿ ಇಲ್ಲ.

ಅತ್ತೆ ಸುತ್ತಿದರು. ಅವರು ಅಷ್ಟು ನಿಧಾನವಾಗಿ ನೂಲು ಸುತ್ತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಡುವೆ ಸಿಕ್ಕು ಬಿಡಿಸಲು ನಿಲ್ಲಿಸಿ, ಬಿಡಿಸುವ ನೆಪದಲ್ಲಿ ಇನ್ನೊಂದು ಸಿಕ್ಕು ಹಾಕಿದರು. ಊಟಕ್ಕೆ ಬಿಟ್ಟರು, ಊಟವಾದ ಕೂಡಲೇ ಮತ್ತೆ ಹಾಕಿದರು. ಮಲಗುವಾಗ ತೆಗೆದರು, ಆದರೆ ಸ್ಪ್ಯಾನರು ನನ್ನ ತಲೆದಿಂಬಿನ ಕೆಳಗಿತ್ತು. ಬೆಳಗ್ಗೆ ಕಾಫಿಯಾದ ಮೇಲೆ ಮತ್ತೆ ಲಡಿ.

"ಇದು ಮುಗಿಯುವ ಹಾಗೆ ಕಾಣುವುದಿಲ್ಲವಲ್ಲ," ಎಂದರು ಮಾವ.

"ವಯಸ್ಸಾಯಿತು. ಕೈ ಮೊದಲಿನ ಹಾಗೆ ಓಡುವುದಿಲ್ಲ," ಎಂದರು ಅತ್ತೆ.

ಬಸ್ಸು ಹೊರಡುವ ಹೊತ್ತಿಗೆ ಮಾವ ತಾವೂ ಬರುತ್ತೇನೆಂದು ಹಟ ಹಿಡಿದರು. ಮನೆಯ ಹಿರಿಯರಿಲ್ಲದೆ ಅಧಿಕಾರಿಯ ಮುಂದೆ ಹೋಗುವುದು ಮರ್ಯಾದೆಯೇ ಎಂದು ಕೇಳಿದರು. ಆಗಲಿ ಎಂದು ಲಡಿ ಸಮೇತ ಹತ್ತಿಸಿದೆವು. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಉಂಡೆ. ಹಿಂದಿನ ಸೀಟಿನಲ್ಲಿ ನಾನು, ಮಗು, ಪುಸ್ತಕ. ಕೊನೆಯ ಗಳಿಗೆಯಲ್ಲಿ ಮೇಸ್ತ್ರಿಯೂ ಬಂದರು. ಬಾನೆಟ್ಟಿಗೆ ಕಿವಿ ಇಟ್ಟು ಕೇಳಿ, "ನಾನು ಮಾಡಿಟ್ಟ ಹಾಗೇ ಇದೆ," ಎಂದು ಹೇಳಿ ಮುಂದಿನ ಸೀಟಿನಲ್ಲಿ ಕೂತರು.

ಮೆಟ್ಟುಪಾಳ್ಯ ಬರುವವರೆಗೂ ಬಸ್ಸು ಕೆಮ್ಮಲಿಲ್ಲ.

ಅಧಿಕಾರಿ ಖಾಕಿಯ ದಪ್ಪ ಮನುಷ್ಯರು. ಬ್ರೇಕು ನೋಡಿದರು, ಸರಿ. ಹಾರನ್ ಒತ್ತಿದರು, ಸರಿ. ಸೀಟು ಎಣಿಸಿದರು, ಸರಿ. ಎಂಜಿನ್ ಓಡಿಸಿ ಎಂದರು. ಓಡಿತು, ಟಕ ಟಕ ಟಕ ಟಕ, ಒಂದೇ ಸಮನೆ. ಅವರು ತಲೆ ಓರೆ ಮಾಡಿ ಕೇಳಿದರು.

"ಎಲ್ಲ ಚೆನ್ನಾಗಿದೆ. ಈ ಟಕ ಟಕ ಒಂದು ಇದೆಯಲ್ಲ. ಸ್ವಲ್ಪ ಬಿಗಿ ಮಾಡಿದರೆ ನಿಂತುಹೋಗುತ್ತದೆ. ಎಲ್ಲಿ, ಆ ಸ್ಕ್ರೂಡ್ರೈವರ್ ಕೊಡಿ," ಎಂದು ಕೈ ಚಾಚಿದರು.

ಅಧಿಕಾರಿಗೆ ಬೇಡ ಎನ್ನುವ ಧೈರ್ಯ ಯಜಮಾನರಿಗಿಲ್ಲ. "ನಾನು ಮಾಡಿಟ್ಟ ಹಾಗೇ ಇದೆ" ಎಂದಿದ್ದ ಮೇಸ್ತ್ರಿ ಆಗಲೇ ಬಸ್ಸಿನ ಹಿಂಭಾಗಕ್ಕೆ ಹೋಗಿದ್ದರು. ನಾನು ಪುಸ್ತಕ ಹಿಡಿದು ಕೆಳಗಿಳಿದು ಬಾಯಿ ತೆರೆದೆ. ಯಜಮಾನರು ನನ್ನ ಕಾಲು ತುಳಿದರು. ಸ್ಕ್ರೂಡ್ರೈವರು ಅಧಿಕಾರಿಯ ಕೈಗೆ ಹೋಗಿಯೇ ಹೋಯಿತು.

ಅಷ್ಟರಲ್ಲಿ ಅವರ ಕಣ್ಣು ಬಸ್ಸಿನ ಕಿಟಕಿಯ ಮೇಲೆ ಬಿತ್ತು. ಒಳಗೆ ಮಾವ, ಮುಂದಕ್ಕೆ ಚಾಚಿದ ಎರಡೂ ಕೈಗಳಿಗೆ ಕೆಂಪು ನೂಲು, ನೂಲಿನ ಇನ್ನೊಂದು ತುದಿ ಅತ್ತೆಯ ಮುಷ್ಟಿಯಲ್ಲಿ.

"ಈ ಹಿರಿಯರ ಕೈ ಯಾಕೆ ಕಟ್ಟಿದ್ದೀರಿ?" ಎಂದು ಕೇಳಿದರು.

ಮಾವ ಅಧಿಕಾರಿಯ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದರು, ನನ್ನನ್ನು ನೋಡಿದರು, ನಿಟ್ಟುಸಿರು ಬಿಟ್ಟರು.

"ಬಿಗಿ ಮಾಡಿದ್ದಕ್ಕೆ, ಸಾಮಿ."

ಅಧಿಕಾರಿ ನನ್ನ ಕಡೆ ತಿರುಗಿದರು. ನನ್ನ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಮಗು, ಮಗುವಿನ ಬಾಯಲ್ಲಿ ಸ್ಪ್ಯಾನರು. ಸ್ಕ್ರೂಡ್ರೈವರನ್ನು ಮೆಲ್ಲಗೆ ಮಡ್‌ಗಾರ್ಡಿನ ಮೇಲೆ ಇಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ಅವರು ಒಂದು ಕೈ ಹೊರಗೆ ತೆಗೆದದ್ದು ನಮ್ಮ ಕಾಗದಕ್ಕೆ ಸಹಿ ಹಾಕುವುದಕ್ಕೆ ಮಾತ್ರ.